ಬಲ ಭುಜದ ಮುಂದೆ ನೋವು, ಮೂರು ವಾರದಿಂದ ಯಾವ ಎಣ್ಣೆಗೂ ಬಗ್ಗುತ್ತಿಲ್ಲ

ಸಕಲೇಶಪುರ_ರೊಬಸ್ಟಾ: ಬಲ ಭುಜದ ಮುಂಭಾಗ ಆಳದಲ್ಲಿ ನೋವು. ತೋಳಿಗೂ ಇಳಿಯುತ್ತದೆ. ಆ ಮಗ್ಗುಲಲ್ಲಿ ಮಲಗಲು ಆಗುತ್ತಿಲ್ಲ. ಎಕ್ಸ್‌ರೇ ಸರಿ ಇದೆ ಅಂದರು. ನೋವಿರುವ ಜಾಗಕ್ಕೆ ಎಣ್ಣೆ ತಿಕ್ಕಿ ತಿಕ್ಕಿ ಸಾಕಾಗಿದೆ. ದಾರಿ ಹೇಳಿ.

ಆಲೂರು_ಶುಂಠಿ: ಕತ್ತಿನ ಡಿಸ್ಕ್ ಅಣ್ಣ. ನರ ಒತ್ತಿದರೆ ಹೀಗೇ ಕೈಗೆ ಇಳಿಯುತ್ತದೆ. ಎಂಆರ್‌ಐ ಮಾಡಿಸಿ.

ಮೂಡಿಗೆರೆ_ಮಳೆ: ಬೆರಳು ಜೋಮು ಹಿಡಿಯುತ್ತದಾ? ಕೈಯಲ್ಲಿ ಶಕ್ತಿ ಕಡಿಮೆ ಆಗಿದೆಯಾ? ಏನು ಕೆಲಸ ಮಾಡಿದ ಮೇಲೆ ಶುರುವಾಯಿತು?

ಸಕಲೇಶಪುರ_ರೊಬಸ್ಟಾ: ಜೋಮು ಇಲ್ಲ, ಶಕ್ತಿ ಇದೆ. ಕೆಲಸ ಎಂದಿನ ತೋಟದ ಕೆಲಸವೇ.

ಆಲೂರು_ಶುಂಠಿ: ಜೋಮು ಇಲ್ಲದೆಯೂ ಡಿಸ್ಕ್ ಇರಬಹುದು. ನನ್ನ ಭಾವನಿಗೆ ಅದೇ ಆಗಿತ್ತು. ಮೊದಲು ಎಂಆರ್‌ಐ.

ಮೂಡಿಗೆರೆ_ಮಳೆ: ಕಳೆ ಹೊಡೆಯುವ ಮಿಷನ್, ವೀಡ್ ಕಟರ್ ಹಿಡಿದಿದ್ರಾ?

ಸಕಲೇಶಪುರ_ರೊಬಸ್ಟಾ: ಹೌದು, ಆಳು ಸಿಗಲಿಲ್ಲ. ಆರು ಎಕರೆ ನಾನೇ ಹೊಡೆದೆ. ಅದನ್ನೂ ಹೇಳಬೇಕಿತ್ತಾ?

ಮೂಡಿಗೆರೆ_ಮಳೆ: ಅದೇ ಮುಖ್ಯ ಅಣ್ಣ! ನೋವು ಮುಂದಿದ್ದರೂ ಮೂಲ ಬೆನ್ನ ಕಡೆ ಇರಬಹುದು. ಭುಜದ ಹಿಂದಿನ ಅಗಲ ಮೂಳೆಯ ಮೇಲೆ ಇನ್‌ಫ್ರಾಸ್ಪೈನೇಟಸ್ ಎನ್ನುವ ಸ್ನಾಯು ಇದೆ. ತೋಳನ್ನು ಹೊರಕ್ಕೆ ತಿರುಗಿಸುವುದು ಅದು. ದಿನವಿಡೀ ಕಟರ್ ಬೀಸಿದರೆ ಅದಕ್ಕೆ ಬಿಡುವೇ ಇಲ್ಲ. ಹಗ್ಗದ ಹಾಗೆ ಬಿಗಿದು, ನಡುವೆ ಗಂಟು ಕಟ್ಟುತ್ತದೆ. ಅದೇ ಟ್ರಿಗರ್ ಪಾಯಿಂಟ್. ಬಿಗಿದ ಎಳೆಗಳು ಸಣ್ಣ ರಕ್ತನಾಳಗಳನ್ನು ಹಿಸುಕುತ್ತವೆ, ಆಮ್ಲಜನಕ ಸಾಲದೆ ನೋವಿನ ರಾಸಾಯನಿಕಗಳು ಸೇರುತ್ತವೆ ಎನ್ನುವುದು ವಿವರಣೆ. ಯಾವ ಸ್ನಾಯುವಿನ ನೋವು ಎಲ್ಲಿ ಕಾಣಿಸುತ್ತದೆ ಎಂದು ಜಾನೆಟ್ ಟ್ರಾವೆಲ್, ಡೇವಿಡ್ ಸೈಮನ್ಸ್ 1983ರಲ್ಲೇ ಚಿತ್ರ ಸಮೇತ ಬರೆದಿದ್ದಾರೆ. ಟ್ರಾವೆಲ್ ಅಂದರೆ ಅಧ್ಯಕ್ಷ ಕೆನಡಿಯ ವೈದ್ಯೆ.

ಗೋಡೆಗೂ ಬೆನ್ನಿಗೂ ನಡುವೆ ಟೆನಿಸ್ ಬಾಲ್ ಇಟ್ಟು ಆ ಜಾಗ ಹುಡುಕಿ. ತಡೆಯುವಷ್ಟೇ ಒತ್ತಿ, 30ರಿಂದ 60 ಸೆಕೆಂಡ್. ಆಮೇಲೆ ಬಿಸಿನೀರಿನ ಶಾಖ. ಎದೆ ಬಿಗಿತ, ಬೆವರು, ಉಸಿರಾಟದ ಕಷ್ಟ ಇದ್ದರೆ ಮಾತ್ರ ಬಾಲ್ ಬಿಟ್ಟು ಕೂಡಲೇ ಆಸ್ಪತ್ರೆಗೆ ಹೋಗಿ.

ಆಲೂರು_ಶುಂಠಿ: ಈ ಗಂಟಿನ ವಿವರಣೆಗೆ ವೈದ್ಯರಲ್ಲೇ ತಕರಾರಿದೆ.

ಮೂಡಿಗೆರೆ_ಮಳೆ: ಇದೆ, ಒಪ್ಪುತ್ತೇನೆ. ಆದರೆ ಒತ್ತಿ ನೋಡಲು ಖರ್ಚಿಲ್ಲ ಅಲ್ವಾ?

ಬೇಲೂರು_ತೋಟ: ಕಟರ್ ನೇತುಹಾಕುವ ಒಂಟಿ ಬೆಲ್ಟ್ ಬಿಡಿ, ಎರಡೂ ಹೆಗಲಿಗೆ ಬರುವುದು ಹಾಕಿ. ನನ್ನ ಕಟರ್ ಫೋರ್ ಸ್ಟ್ರೋಕ್ ಎಂಜಿನ್, 35 ಸಿಸಿ. ಅದುರುವುದೇ ಇಲ್ಲ.

ಆಲೂರು_ಶುಂಠಿ: ಇಳಿಜಾರಿನಲ್ಲಿ ಫೋರ್ ಸ್ಟ್ರೋಕ್ ಭಾರ. ಟೂ ಸ್ಟ್ರೋಕೇ ವಾಸಿ.

ಬೇಲೂರು_ತೋಟ: ನಮ್ಮ ತೋಟಕ್ಕೆ ಬಂದು ಹಿಡಿದು ನೋಡಿ, ಆಮೇಲೆ ಹೇಳಿ.

ಸಕಲೇಶಪುರ_ರೊಬಸ್ಟಾ: ಬಾಲ್ ಇಟ್ಟೆ. ಹಿಂದೆ ಒತ್ತಿದರೆ ನೋವು ಸೀದಾ ಮುಂದಕ್ಕೆ ಹೊಡೆಯಿತು, ಅದೇ ಜಾಗ! ನಾಲ್ಕು ದಿನದಲ್ಲಿ ಕೈ ಮೇಲೆತ್ತುವುದು ಸುಲಭವಾಗಿದೆ. ರಾತ್ರಿ ನೋವು ಇನ್ನೂ ಇದೆ. ಎರಡು ವಾರ ನೋಡಿ, ಹೋಗದಿದ್ದರೆ ಹಾಸನದಲ್ಲಿ ತೋರಿಸುತ್ತೇನೆ. ಬೇಲೂರಣ್ಣ, ಆ ಬೆಲ್ಟ್ ಫೋಟೋ ಹಾಕಿ.