ವಿಷಯ: ‘ರೆಫರೆನ್ಸ್ ರೇಂಜ್’ಗೆ ಕನ್ನಡದಲ್ಲಿ ಏನನ್ನೋಣ? (ಅರ್ಜೆಂಟ್)

ವಿರಾಜಪೇಟೆಯಿಂದ:
ಎಲ್ಲರಿಗೂ ನಮಸ್ಕಾರ. ಇಲ್ಲಿನ ಒಂದು ಲ್ಯಾಬ್‌ಗೆ ಪೋಸ್ಟರ್ ಬರೆದುಕೊಡುತ್ತಿದ್ದೇನೆ. ಆರೋಗ್ಯವಾಗಿರುವ ದೊಡ್ಡವರ ರಕ್ತ ತೆಗೆದು, ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿಗೆ ಸಂಬಂಧಿಸಿದ ಹಾರ್ಮೋನುಗಳಾದ ಟಿಎಸ್‌ಎಚ್, ಟಿ3, ಟಿ4 ಎಷ್ಟಿದೆ ನೋಡಿ, ಇಲ್ಲಿಯವರದೇ ‘ರೆಫರೆನ್ಸ್ ರೇಂಜ್’, ಅಂದರೆ ಆರೋಗ್ಯವಂತರಲ್ಲಿ ಅವು ಸಾಮಾನ್ಯವಾಗಿ ಎಷ್ಟರಿಂದ ಎಷ್ಟರವರೆಗೆ ಇರುತ್ತವೆ ಎಂದು ಗೊತ್ತುಮಾಡುವ ಕೆಲಸ. ಗೋಣಿಕೊಪ್ಪಲು ಬಸ್ ಸ್ಟ್ಯಾಂಡಿನಲ್ಲೂ ತೋಟದ ಕೆಲಸಗಾರರ ಲೈನ್‌ಮನೆಗಳ ಹತ್ತಿರವೂ ಅಂಟಿಸುತ್ತಾರೆ. ‘ಸಹಜ ಮಿತಿ’ ಎಂದು ಹಾಕಿದ್ದೆ. ಡಾಕ್ಟರು ‘ಮಿತಿ’ ಬೇಡವೇ ಬೇಡ ಅಂದರು. ಸಂಜೆ ಪ್ರೆಸ್ಸಿಗೆ ಹೋಗಬೇಕು, ಬೇಗ ಹೇಳಿ.

ಮಡಿಕೇರಿಯಿಂದ:
ಹರವು. ಅಚ್ಚಗನ್ನಡ ಪದ ಕಣ್ಣೆದುರಿಗೇ ಇದೆ. ‘ಸಹಜ’ ಅಂದರೆ ಜೊತೆಯಲ್ಲೇ ಹುಟ್ಟಿದ್ದು. ಟಿಎಸ್‌ಎಚ್ ರಾತ್ರಿ ಏರುತ್ತದೆ, ಮಧ್ಯಾಹ್ನ ಇಳಿಯುತ್ತದೆ. ಅದು ಯಾವ ಸೀಮೆಯ ಸಹಜ? ಹಾಗೇ ‘ಥೈರಾಯ್ಡ್’ ಕೂಡ ತೆಗೆಯಿರಿ. ಗ್ರೀಕಿನ ‘ಥುರೆಯೊಸ್’ ಎಂದರೆ ಬಾಗಿಲಿನ ಹಾಗೆ ಉದ್ದಕ್ಕಿರುವ ಗುರಾಣಿ. ಗ್ರಂಥಿಗೆ ‘ಸುರಿಗೆ’ ಇದೆ, ‘ಗುರಾಣಿ ಸುರಿಗೆ’ ಎಂದು ಬರೆಯಿರಿ. ‘ರಕ್ತ’ವೂ ಬೇಡ, ‘ನೆತ್ತರು’ ಇದೆ.

ಸೋಮವಾರಪೇಟೆಯಿಂದ:
ಗುರಾಣಿ ಅಂತ ಹಾಕಿದರೆ ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತಕ್ಕೆ ಕರೆದಿದ್ದಾರೆ ಎಂದು ಕೋವಿ ಹಿಡಿದು ಬರುತ್ತಾರೆ. ‘ನೆತ್ತರು ಕೊಡಿ’ ಅಂದರೆ ಯಾರೂ ಬರಲ್ಲ.

ನಾನು ಲ್ಯಾಬ್‌ನಲ್ಲೇ ಕೆಲಸ ಮಾಡುವವನು. ಡಾಕ್ಟರು ಹೇಳಿದ್ದು ಸರಿ. ವೇಗಮಿತಿ, ವಯೋಮಿತಿ ಎಲ್ಲ ದಾಟಬಾರದ ಗೆರೆಗಳು. ಇದು ಹಾಗಲ್ಲ. ಕಡೇಪಕ್ಷ 120 ಆರೋಗ್ಯವಂತರು ಬೇಕು. ಗಳಗಂಡ ಇರಬಾರದು, ಮನೆಯಲ್ಲಿ ಯಾರಿಗೂ ಥೈರಾಯ್ಡ್ ತೊಂದರೆ ಇರಬಾರದು, ರಕ್ತದಲ್ಲಿ ಥೈರಾಯ್ಡ್ ವಿರುದ್ಧದ ಆಂಟಿಬಾಡಿ ಸಿಗಬಾರದು. ಬಸುರಿಯರ ಲೆಕ್ಕವೇ ಬೇರೆ. ಬಂದ ಅಂಕಿಗಳಲ್ಲಿ ಕೆಳಗಿನ ನೂರಕ್ಕೆ ಎರಡೂವರೆ, ಮೇಲಿನ ನೂರಕ್ಕೆ ಎರಡೂವರೆ ಬಿಟ್ಟು ನಡುವಿನದನ್ನು ಇಟ್ಟುಕೊಳ್ಳುತ್ತಾರೆ. ಅಂದರೆ ಏನೂ ಕಾಯಿಲೆ ಇಲ್ಲದ 20 ಜನರಲ್ಲಿ ಒಬ್ಬರು ಹೊರಗೇ ಉಳಿಯುತ್ತಾರೆ, ಅಲ್ವಾ? ಟಿಎಸ್‌ಎಚ್‌ಗೆ ಲೀಟರಿಗೆ ಸುಮಾರು 0.4ರಿಂದ 4 ಮಿಲಿಯೂನಿಟ್ ಎನ್ನುತ್ತಾರೆ, ಮಿಷನ್ ಬದಲಾದರೆ ಅದೂ ಸ್ವಲ್ಪ ಬದಲಾಗುತ್ತದೆ. ರಿಪೋರ್ಟಿನಲ್ಲಿ 4.3 ದಪ್ಪ ಅಕ್ಷರದಲ್ಲಿ ಬಂತು ಅಂದರೆ ಸಾಕು, ‘ಮಿತಿ ಮೀರಿದೆಯಂತೆ’ ಎಂದು ಕೌಂಟರಿಗೆ ಬಂದು ಅಳುವವರಿದ್ದಾರೆ. ‘ಮಟ್ಟ’ ಕೂಡ ಆಗಲ್ಲ, ಅದು ಒಂದೇ ಬಿಂದು.

ಕುಶಾಲನಗರದಿಂದ:
‘ಮಾಮೂಲು’ ಅನ್ನಿ. ಎಲ್ಲರಿಗೂ ತಿಳಿಯುತ್ತದೆ.

ಮಡಿಕೇರಿಯಿಂದ:
ತಿಳಿಯದೆ ಏನು! ಬೋರ್ಡಿನಲ್ಲಿ ‘ಮಾಮೂಲು’ ನೋಡಿದವರು ಎಷ್ಟು ಕೊಡಬೇಕು, ಯಾರಿಗೆ ಕೊಡಬೇಕು ಎಂದು ಕೇಳುತ್ತಾರೆ. ಅರಬ್ಬಿಯಿಂದ ಎರವಲು ತಂದರೆ ಹೀಗೇ.

ಕುಶಾಲನಗರದಿಂದ:
‘ಕಾಫಿ’ಯೂ ಅರಬ್ಬಿ ಮೂಲದ್ದೇ ಸ್ವಾಮಿ. ಅದಕ್ಕೊಂದು ಅಚ್ಚಗನ್ನಡ ಪದ ಹುಡುಕಿ, ಅಲ್ಲಿವರೆಗೆ ಕುಡಿಯಬೇಡಿ.

ಮಡಿಕೇರಿಯಿಂದ:
ಗಿಡದ ಜೊತೆ ಬಂದ ಹೆಸರು ಬೇರೆ, ಸೋಮಾರಿತನಕ್ಕೆ ತಂದ ಪದ ಬೇರೆ. ಇಷ್ಟೂ ತಿಳಿಯದವರ ಹತ್ತಿರ ವಾದ ಇಲ್ಲ.

ಸೋಮವಾರಪೇಟೆಯಿಂದ:
ಜಗಳ ಆಮೇಲೆ. ಮೇಡಂ, ಸಮಯ ಬರೆಯಲು ಮರೆಯಬೇಡಿ. ಟಿಎಸ್‌ಎಚ್ ಏರಿಳಿಯುವುದರಿಂದ ಎಲ್ಲರ ರಕ್ತವನ್ನೂ ಬೆಳಿಗ್ಗೆ ಒಂದೇ ಹೊತ್ತಿನಲ್ಲಿ ತೆಗೆದರೆ ಒಳ್ಳೆಯದು. ಕಾಫಿ ಕುಯ್ಲಿನ ದಿನಗಳಲ್ಲಿ ಇಟ್ಟರೆ ಲೈನ್‌ಮನೆಯಿಂದ ಒಬ್ಬರೂ ಬರಲ್ಲ.

ವಿರಾಜಪೇಟೆಯಿಂದ:
ಪ್ರೆಸ್ಸಿನವರು ಫೋನ್ ಮಾಡಿಬಿಟ್ಟರು. ಹೀಗೆ ಕಳಿಸಿದ್ದೇನೆ: ‘ಆರೋಗ್ಯವಾಗಿರುವವರಲ್ಲಿ ಥೈರಾಯ್ಡ್ ಹಾರ್ಮೋನು ಎಷ್ಟರಿಂದ ಎಷ್ಟರವರೆಗೆ ಇರುತ್ತದೆ? ತಿಳಿಯಲು ನಿಮ್ಮ ಸಹಾಯ ಬೇಕು. ಬೆಳಿಗ್ಗೆ ಬನ್ನಿ.’ ಪೋಸ್ಟರಿನಲ್ಲಿ ಒಂದೇ ಪದ ಬೇಕೆಂದು ಹಟ ಮಾಡಲಿಲ್ಲ. ಸಹಿ ಹಾಕಿಸುವ ಫಾರಂನಲ್ಲಿ ಮಾತ್ರ ‘ಹರವು’ ಇಟ್ಟು, ಪಕ್ಕದಲ್ಲಿ ‘20ರಲ್ಲಿ ಒಬ್ಬರು ಇದರ ಹೊರಗಿದ್ದರೂ ಆರೋಗ್ಯವಾಗಿರಬಹುದು’ ಎಂದು ಸೇರಿಸಿದ್ದೇನೆ. ಎಲ್ಲರಿಗೂ ಥ್ಯಾಂಕ್ಸ್.

ಮಡಿಕೇರಿಯಿಂದ:
‘ಹರವು’ ಬಂತಲ್ಲ, ಸಂತೋಷ. ‘ಫಾರಂ’ ಯಾಕೆ?