ಸಹಾಯ ಬೇಕು: ಮಣ್ಣು ವಿಜ್ಞಾನದ ಜೊತೆಗೆ ತಾಂತ್ರಿಕ ಬರವಣಿಗೆ ಕಲಿಯುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಾನು ರಾಯಚೂರಿನಲ್ಲಿ ಮಣ್ಣು ವಿಜ್ಞಾನದಲ್ಲಿ ಎಂ.ಎಸ್ಸಿ. ಓದುತ್ತಿದ್ದು, ಅದರ ಜೊತೆಯಲ್ಲೇ ತಾಂತ್ರಿಕ ಬರವಣಿಗೆಯನ್ನೂ ಕ್ರಮವಾಗಿ ಕಲಿಯಬೇಕೆಂದಿದ್ದೇನೆ. ಬಲ್ಲವರ ಮಾರ್ಗದರ್ಶನ ಬೇಕಾಗಿದೆ.

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಸಿಂಧನೂರು ಭಾಗದಲ್ಲಿ ಸವಳು-ಜವಳಿನ (ಮಣ್ಣಿನಲ್ಲಿ ಉಪ್ಪು ಸೇರುವ, ನೀರು ನಿಲ್ಲುವ) ಸಮಸ್ಯೆ ಎಷ್ಟೆಂಬುದು ಇಲ್ಲಿನವರಿಗೆ ಗೊತ್ತೇ ಇದೆ. ಕಳೆದ ಬೇಸಿಗೆಯಲ್ಲಿ ನಾನೇ ಬರೆದ ಮಣ್ಣು ಪರೀಕ್ಷೆಯ ವರದಿಯನ್ನು ಅಲ್ಲಿನ ಹಿರಿಯ ರೈತರೊಬ್ಬರಿಗೆ ಕೊಟ್ಟಾಗ, ಅವರು ‘ವಿನಿಮಯ ಸೋಡಿಯಂ ಶೇ. 22’ (ಮಣ್ಣಿನ ಕಣಗಳಿಗೆ ಅಂಟಿಕೊಂಡ ಸೋಡಿಯಂನ ಪಾಲು) ಎಂಬ ಸಾಲಿನ ಮೇಲೆ ಬೆರಳಿಟ್ಟು, “ತಮ್ಮಾ, ಇದೆಲ್ಲಾ ಇರಲಿ, ನನ್ನ ಹೊಲಕ್ಕ ಜಿಪ್ಸಂ ಹಾಕಬೇಕೋ ಬ್ಯಾಡೋ?” ಎಂದು ಕೇಳಿದರು. ಉಪ್ಪಿನ ಅಂಶವನ್ನು ತೋರಿಸುವ ವಿದ್ಯುತ್ ವಾಹಕತೆ ಮೀಟರಿಗೆ 4 ಡೆಸಿಸೀಮನ್ಸ್ ಮೀರಿದ ಸವಳು ಮಣ್ಣಾದರೆ ಬಸಿಗಾಲುವೆ ತೆಗೆದು, ಒಳ್ಳೆಯ ನೀರು ನಿಲ್ಲಿಸಿ ಉಪ್ಪನ್ನು ತೊಳೆಯಬೇಕು; ವಿನಿಮಯ ಸೋಡಿಯಂ ಶೇ. 15 ದಾಟಿದ ಕರ್ಲು (ಕ್ಷಾರ) ಮಣ್ಣಾದರೆ ಜಿಪ್ಸಂ ಬೇಕು. ಇದು ನನಗೆ ತಿಳಿದಿತ್ತು, ಆದರೆ ವರದಿಯ ಒಂದು ಸಾಲಿನಲ್ಲೂ ಇರಲಿಲ್ಲ. ಅಂದಿನಿಂದ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಪ್ರಬಂಧ ಬರೆಯುವುದನ್ನು ಮಾರ್ಗದರ್ಶಕರು ಕಲಿಸುತ್ತಾರೆ. ನನಗೆ ಬೇಕಿರುವುದು ಬೇರೆ: ಅದೇ ಅಂಕಿಅಂಶವನ್ನು ರೈತರಿಗೆ, ಕೃಷಿ ಅಧಿಕಾರಿಗೆ, ಬ್ಯಾಂಕಿನವರಿಗೆ ಬೇರೆ ಬೇರೆಯಾಗಿ, ಅರ್ಥ ಕೆಡದಂತೆ ಬರೆಯುವ ಶಿಸ್ತು. ಪ್ರಯೋಗಾಲಯದ ಕೆಲಸ ಸಂಜೆಯವರೆಗೂ ಇರುವುದರಿಂದ ದೂರಶಿಕ್ಷಣದ ಅಥವಾ ಭಾನುವಾರದ ತರಗತಿಗಳಷ್ಟೇ ನನಗೆ ಸಾಧ್ಯ. ವಿಜ್ಞಾನ ಓದುತ್ತಲೇ ಇಂಥ ಕೋರ್ಸ್ ಮಾಡಿದವರಿದ್ದರೆ, ಅದರಲ್ಲಿ ನಿಜವಾಗಿ ಬರೆಸಿ ತಿದ್ದುತ್ತಾರೆಯೇ, ಕನ್ನಡದಲ್ಲಿ ಬರೆಯಲು ಅವಕಾಶವಿದೆಯೇ ಎಂಬುದನ್ನು ದಯವಿಟ್ಟು ತಿಳಿಸಿ. ಪರಿಷ್ಕರಿಸಿದ ಎರಡು ಪುಟದ ವರದಿಯನ್ನು ಓದಿ ತಿದ್ದಿಕೊಡುವವರಿದ್ದರೆ ಕಳುಹಿಸಿಕೊಡುತ್ತೇನೆ.