ಯುಗಾದಿ ದಿನ ಅತಿಥಿಗಳು ಉಪವಾಸ ಇದ್ರೆ ಒಬ್ಬಟ್ಟಿನ ಊಟ ಯಾವಾಗ ಹಾಕೋದು?

ದುಬೈ_ಮಲ್ಲಿಗೆ: ಹೋದ ವರ್ಷ (2025) ಮಾರ್ಚ್ 30ಕ್ಕೆ ಯುಗಾದಿ, ಈದ್ ಎರಡೂ ಇಲ್ಲಿ ಒಂದೇ ದಿನ ಬಂದು ಮಧ್ಯಾಹ್ನದ ಊಟ ಜೋರಾಗಿತ್ತು. ಈ ಸಲ (2026) ಯುಗಾದಿ ಮಾರ್ಚ್ 19, ಗುರುವಾರ. ಹಿಂದಿನ ಸಂಜೆ ಚಂದ್ರ ಕಾಣದಿದ್ದರೆ ಅವತ್ತು ರಂಜಾನಿನ 30ನೇ ಉಪವಾಸ. ಉಪವಾಸ ಇರೋ ಪಕ್ಕದ ಮನೆಯ ಕೋಝಿಕ್ಕೋಡಿನವರನ್ನು ಬಿಟ್ಟು ಉಣ್ಣೋಕೆ ನನಗೆ ಮನಸ್ಸಿಲ್ಲ. ಇನ್ನೊಂದು ಪೇಚು. ಆಫೀಸಿನ ಫಿಲಿಪೈನ್ಸ್ ಗೆಳತಿ ಬಿಬಿಂಗ್ಕಾ ಅನ್ನೋ ಅಕ್ಕಿಹಿಟ್ಟಿನ ಕೇಕ್ ಮಾಡಿ ತರುತ್ತಾಳಂತೆ. ಅದಕ್ಕೆ ಮೊಟ್ಟೆ ಬೀಳುತ್ತೆ, ಮೈಸೂರಿಂದ ಬಂದಿರೋ ಅಮ್ಮ ಮೊಟ್ಟೆ ಇರೋದನ್ನ ಮುಟ್ಟಲ್ಲ. ಪಾಪ, ಹೋದ ವರ್ಷ ಆ ಗೆಳತಿ ಬೇವಿನ ಹೂವನ್ನು ಚಟ್ನಿಪುಡಿ ಅಂದ್ಕೊಂಡು ಒಂದು ಚಮಚ ಬಾಯಿಗೆ ಹಾಕ್ಕೊಂಡು, ಉಗಿಯೋಕೂ ಆಗದೆ ನುಂಗೋಕೂ ಆಗದೆ ನನ್ನ ಮುಖ ನೋಡಿದ್ದಳು. ಈಗ ಬೇಡ ಅಂದ್ರೆ ಬೇಜಾರು ಮಾಡ್ಕೊಳ್ತಾಳೆ ಅಲ್ವಾ?

ಕರಾಮಾ_ರಾಯರು: ಮಧ್ಯಾಹ್ನದ ಯೋಚನೆ ಬಿಡಿ ತಾಯಿ. ಬೆಳಿಗ್ಗೆ ಎಣ್ಣೆನೀರು, ಪೂಜೆ, ಬೇವು ಬೆಲ್ಲ ಮನೆಯವರಷ್ಟೇ ಮುಗಿಸಿ. ಆ ದಿನಗಳಲ್ಲಿ ಇಲ್ಲಿ ಸೂರ್ಯ ಮುಳುಗೋದು ಸುಮಾರು ಆರೂವರೆಗೆ, ಎಲ್ಲರಿಗೂ ಆಗಲೇ ಬರಹೇಳಿ. ಮೊದಲು ಖರ್ಜೂರ, ನೀರು ಕೊಡಿ. ನಮಾಜಿಗೆ ಒಂದು ರೂಮು ಖಾಲಿ ಇಡಿ, ಅವರು ಮುಗಿಸಿ ಬರೋಷ್ಟರಲ್ಲಿ ನೀವು ಒಬ್ಬಟ್ಟು ಕಾವಲಿಗೆ ಹಾಕಿ. ಇಡೀ ದಿನ ಖಾಲಿ ಇದ್ದ ಹೊಟ್ಟೆಗೆ ಮೊದಲು ಹೆಸರುಬೇಳೆ ಕೋಸಂಬರಿ, ನೀರುಮಜ್ಜಿಗೆ ಹಿತ. ತುಪ್ಪ, ಒಬ್ಬಟ್ಟು ಆಮೇಲೆ. ಅವರೂ ಏನಾದ್ರೂ ತರ್ತೀವಿ ಅಂದ್ರೆ ಪತ್ತಿರಿ ತರೋಕೆ ಹೇಳಿ. ಬರೀ ಅಕ್ಕಿಹಿಟ್ಟಿನ ರೊಟ್ಟಿ, ಅಮ್ಮನೂ ತಿನ್ನಬಹುದು.

ತೆಂಗಿನ_ತುರಿ: ಗೆಳತಿಗೆ ಬೇಡ ಅನ್ನಬೇಡಿ, "ಬಿಕೋ ಮಾಡ್ಕೊಂಡು ಬಾ" ಅನ್ನಿ. ಅದೂ ಅವರ ಹಬ್ಬದ ತಿಂಡಿಯೇ. ಅಂಟಕ್ಕಿ, ತೆಂಗಿನ ಹಾಲು, ಕಂದು ಸಕ್ಕರೆ, ಅಷ್ಟೇ, ಮೊಟ್ಟೆ ಇಲ್ಲ. ಮೇಲೆ ಉದುರಿಸೋ ಲಾತಿಕ್ ಕೂಡ ತೆಂಗಿನ ಹಾಲನ್ನೇ ಕಾಯಿಸಿ ಕಾಯಿಸಿ ಎಣ್ಣೆ ಬಿಟ್ಟ ಮೇಲೆ ಉಳಿಯೋ ಕಂದು ಗಸಿ. ನನ್ನ ಫ್ಲ್ಯಾಟಿನವಳು ಬಾಳೆಲೆ ಹಾಸಿದ ತಟ್ಟೆಯಲ್ಲಿ ತಂದಾಗ ನಾನು ಕಾಯಿಹಾಲಿನ ಸಿಹಿ ಪೊಂಗಲ್ ಅಂದ್ಕೊಂಡೇ ತಿಂದಿದ್ದೆ. ನಿಮ್ಮ ಮನೆಯವರು ಪುಣೆಯವರಲ್ವಾ? ಹಾಗಾದ್ರೆ ಅವತ್ತೇ ಗುಡಿ ಪಾಡ್ವ ಕೂಡ. ಅತ್ತೆಗೇನು ಮಾಡ್ತೀರಿ?

ದುಬೈ_ಮಲ್ಲಿಗೆ: ಆರೂವರೆಗೇ ಗಟ್ಟಿ ಮಾಡಿದೆ. ಬಿಕೋ ಅಂದ ತಕ್ಷಣ ಗೆಳತಿಗೆ ಖುಷಿ, "ಅದು ನಿನಗೆ ಹೇಗೆ ಗೊತ್ತು" ಅಂತ ಹತ್ತು ಸಲ ಕೇಳಿದಳು. ಉಳಿದಿರೋದು ಅತ್ತೆ, ಅಮ್ಮನ ಜಗಳ. ಬೇಳೆ ಬಸಿದ ಕಟ್ಟಿನಿಂದ ಅಮ್ಮ ಒಬ್ಬಟ್ಟಿನ ಸಾರು ಮಾಡಿದರೆ ಅತ್ತೆ ಅದಕ್ಕೇ ಮರಾಠಿಯವರ ಗೋಡಾ ಮಸಾಲೆಪುಡಿ ಹಾಕಿ ಕಟಾಚಿ ಆಮ್ಟಿ ಅಂತಾರೆ, ಅದನ್ನ ಹೇಗೋ ಸಂಭಾಳಿಸಬಹುದು. ಹೂರಣಕ್ಕೆ ಮಾತ್ರ ಅಮ್ಮನಿಗೆ ತೊಗರಿಬೇಳೆಯೇ ಆಗಬೇಕು, ಅತ್ತೆಗೆ ಕಡಲೆಬೇಳೆಯೇ ಆಗಬೇಕು. ಸುಮ್ನೆ ಎರಡು ಕುಕ್ಕರ್ ಇಡ್ತೀನಿ.